ನೀರುಗಂಟಿಯ ಗದ್ದೆ

ನಮ್ಮ ಮಹಡಿ ರೂಮಿನ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಮೊದಲು ಕಂಡುಹಿಡಿದದ್ದು ನನ್ನ ಗಂಡ. ದೋಸೆ ಮಗುಚುವಾಗ ನಾನು ಕಾವಲಿಗೆ ಕುಟ್ಟುತ್ತಿದ್ದ ಸದ್ದಿನಲ್ಲೇ ಅವರಿಗೆ ಗೊತ್ತಾಯಿತಂತೆ. "ಪಾಪ, ಆ ಹುಡುಗಿ ನಿಂಗೇನು ಮಾಡಿದ್ಲೇ?" ಎಂದರು. ಏನೂ ಮಾಡಿರಲಿಲ್ಲ. ಅದೇ ನನಗಿದ್ದ ತೊಂದರೆ. ಏನಾದರೂ ಮಾಡಿದ್ದರೆ ಒಂದು ಜಗಳ ಆಡಿ ಮುಗಿಸಿಬಿಡುತ್ತಿದ್ದೆ.

ಹುಡುಗಿ ಬೀದರ್ ಕಡೆಯವಳು. ಜ್ಞಾನಭಾರತಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕೆಂಗೇರಿ ಉಪನಗರದ ನಮ್ಮ ಮನೆಯ ಮೇಲೆ ಒಂದು ರೂಮು, ಅದಕ್ಕಂಟಿಕೊಂಡು ಸಣ್ಣ ಅಡುಗೆಮನೆ ಇದೆ. ನೋಡಲು ಬಂದವಳು ಎಲ್ಲ ಬಾಡಿಗೆಯವರ ಹಾಗೆ ಮೊದಲು ನೀರನ್ನೇ ಕೇಳಿದಳು. "ನೀರು ಹೆಂಗ ಬರ್ತದ್ರಿ ಆಂಟಿ?" ದಿನ ಬಿಟ್ಟು ದಿನ ಕಾವೇರಿ, ಇಲ್ಲದಿದ್ದರೆ ಬೋರು ಎಂದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವರಾಂಡದ ಕುರ್ಚಿಯಲ್ಲಿ ಕೂತಿದ್ದ ನಮ್ಮಪ್ಪ, "ಏನ್ ಓದ್ತಾ ಇದೀಯಮ್ಮ?" ಎಂದು ಕೇಳಿಬಿಟ್ಟ. ಹಳೇ ಕಾಲದವರು ನೀರನ್ನು ಹೇಗೆ ತಂದರು, ಹೇಗೆ ಹಂಚಿಕೊಂಡರು, ಹೆಚ್ಚಾದದ್ದನ್ನು ಹೇಗೆ ಹೊರಗೆ ಸಾಗಿಸಿದರು, ಅದನ್ನು ಓದುತ್ತೇನೆ ಎಂದಳು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ.

"ನಾನು ನೀರುಗಂಟಿ," ಎಂದ.

ನೀರುಗಂಟಿ ಆಗಿದ್ದೆ ಎನ್ನಲಿಲ್ಲ. ಆಗ ಅಪ್ಪನಿಗೆ ಎಂಬತ್ತು ದಾಟಿತ್ತು. ಇಲ್ಲೇ ಹತ್ತಿರದ ನಮ್ಮೂರ ಕೆರೆಯ ಕೆಳಗಿನ ಗದ್ದೆಗಳೆಲ್ಲ ಲೇಔಟಾಗಿ, ತೂಬಿನ ಕೆಲಸ ನಿಂತು, ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಪಂಪು ನಡೆಸುವ ಕೆಲಸಕ್ಕೆ ಸೇರಿ, ಅಲ್ಲಿಂದಲೂ ನಿವೃತ್ತನಾಗಿ, ಅಮ್ಮ ಹೋದ ಮೇಲೆ ನಮ್ಮ ಮನೆಗೆ ಬಂದು ಎಷ್ಟೋ ವರ್ಷವಾಗಿತ್ತು. ಇಷ್ಟೂ ಕಾಲ ಆ ಪದ ಅವನ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವನು ನೀರುಗಂಟಿ. ಏರಿಯ ಬುಡದಲ್ಲಿ ಕಲ್ಲಿನ ತೂಬು ಇರುತ್ತದೆ. ಅದರ ಬಾಯಿಗೆ ಮರದ ಬಿರಡೆ, ಬಿರಡೆಗೆ ಉದ್ದನೆಯ ಗಳ. ಗಳವನ್ನು ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಯಾರ ಗದ್ದೆಗೆ ಯಾವ ದಿನ, ಎಲ್ಲ ಅವನ ತಲೆಯಲ್ಲಿ. ಒಂದು ಊರಿನ ಅನ್ನ ಒಬ್ಬ ಮನುಷ್ಯನ ಕೈಯಲ್ಲಿ ಇದ್ದ ಹಾಗೆ. ನಮ್ಮ ಮನೆತನದವರು ಆ ಕೆರೆಗೆ ತಲೆತಲಾಂತರದಿಂದ ನೀರುಗಂಟಿಗಳು, ಅಪ್ಪ ಕೊನೆಯವನು.

ಹುಡುಗಿ ರೂಮನ್ನು ಸರಿಯಾಗಿ ನೋಡದೆ ಒಪ್ಪಿಕೊಂಡಳು.

ಅಂದಿನಿಂದ ಸಂಜೆಗಳು ಅವಳವಾದವು. ಐದೂವರೆಗೆ ಕ್ಯಾಂಪಸ್ಸಿನಿಂದ ಬಂದು, ಕೈಕಾಲು ತೊಳೆದು, ಲ್ಯಾಪ್‌ಟಾಪ್ ಹಿಡಿದು ವರಾಂಡಕ್ಕೆ ಇಳಿಯುತ್ತಿದ್ದಳು. ಅವಳು ಎಲ್ಲೆಲ್ಲೋ ಹೋಗಿ ಬಂದವಳು. ಕೆಲವನ್ನು ಕಣ್ಣಾರೆ ಕಂಡಿದ್ದಳು, ಮಿಕ್ಕವುಗಳ ಚಿತ್ರ ಕೂಡಿಟ್ಟಿದ್ದಳು. ಹಂಪಿಯಲ್ಲಿ ಕಂಬಗಳ ಮೇಲೆ ನೀರು ಹರಿದ ಕಲ್ಲಿನ ಕಾಲುವೆ. ಅವಳದೇ ಬೀದರಿನಲ್ಲಿ ನೆಲದೊಳಗೆ ಕೊರೆದು ಕೋಟೆಗೆ ನೀರು ತಂದ ಸುರಂಗ. ಶ್ರೀಲಂಕಾದ ದೊಡ್ಡ ಕೆರೆಗಳ ತೂಬು. ಜೋರ್ಡಾನಿನ ಮರುಭೂಮಿಯಲ್ಲಿ, ಕಿರಿದಾದ ಬಂಡೆಸಂದಿಯ ಗೋಡೆಗಳನ್ನು ಕೊರೆದು ಮಾಡಿದ ನೀರಿನ ದಾರಿ. ಅಪ್ಪ ಕನ್ನಡಕ ಒರೆಸಿಕೊಂಡು, ಪರದೆಗೆ ಮೂಗು ತಗಲುವಷ್ಟು ಬಗ್ಗಿ ನೋಡುತ್ತಿದ್ದ.

"ಈ ಸಂದೀಲಿ ಮಳೆ ಬಂದ್ರೆ ಹುಚ್ಚು ನೀರು ನುಗ್ಗಲ್ವಾ?" ಎಂದು ಕೇಳಿದ.

ನುಗ್ಗುತ್ತದೆ, ಅದಕ್ಕೇ ಸಂದಿಯ ಬಾಯಲ್ಲೇ ಕಟ್ಟೆ ಕಟ್ಟಿ, ಪಕ್ಕದ ಬೆಟ್ಟ ಕೊರೆದು, ಆ ನೀರನ್ನು ಬೇರೆ ಕಡೆ ತಿರುಗಿಸಿದ್ದಾರೆ ಎಂದು ಅವಳು ತೋರಿಸಿದಳು. "ಮೊದ್ಲು ಹುಚ್ಚು ನೀರಿಗೆ ದಾರಿ ಬಿಟ್ಟವ್ರೆ, ಆಮೇಲೆ ಕುಡಿಯೋ ನೀರು ತಂದವ್ರೆ. ಕೆಲಸ ಗೊತ್ತಿರೋ ಜನ," ಎಂದು ಅಪ್ಪ ಸರ್ಟಿಫಿಕೇಟ್ ಕೊಟ್ಟ.

ಪೆರು ದೇಶದ ಬೆಟ್ಟದ ತುದಿಯಲ್ಲಿರುವ ಹಳೇ ಊರಿನ ಮೆಟ್ಟಿಲುಗದ್ದೆಗಳನ್ನು ತೋರಿಸಿದ ದಿನವಂತೂ ಅಪ್ಪ ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ. ಅಲ್ಲಿ ಅಡಿಯಲ್ಲಿ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮಣ್ಣು ಹಾಕಿದ್ದಾರಂತೆ, ಮಳೆಯ ನೀರು ನಿಲ್ಲದೆ ಬಸಿದು ಹೋಗಲಿ ಎಂದು. "ನೀರು ನಿಂತ್ರೆ ಗೋಡೆ ನಿಲ್ಲಲ್ಲ ಅಂತ ಅವ್ರಿಗೆ ಗೊತ್ತಿತ್ತು. ನಮ್ಮ ಮುಂದ್ಗಡೆ ರಸ್ತೆ ಮಾಡ್ದೋನಿಗೆ ಗೊತ್ತಿಲ್ಲ ನೋಡು," ಎಂದು ನಕ್ಕ. ಅವಳೂ ನಕ್ಕಳು. ಒಳಗೆ ನಾನು ಸಾರನ್ನು ಮೂರನೇ ಸಲ ಬಿಸಿ ಮಾಡುತ್ತಿದ್ದೆ.

ನನ್ನ ಹೊಟ್ಟೆ ಉರಿಯಿತು. ಇದನ್ನು ಬೇರೆ ನಯವಾದ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ನನ್ನೊಡನೆ ಅಪ್ಪ ಆಡುತ್ತಿದ್ದ ಮಾತು ಬೆರಳೆಣಿಕೆಯವು. ಉಪ್ಪು ಮುಂದಾಗಿದೆ. ಬಿಪಿ ಮಾತ್ರೆ ಎಲ್ಲಿ. ಗೇಟು ಹಾಕ್ದಾ. ನಾನೇನು ನೀರು ಕಾಣದವಳೇ? ವಿಜಯನಗರದ ಒಂದು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ. ಚರಂಡಿ ಕಟ್ಟಿದೆ, ಮ್ಯಾನ್‌ಹೋಲ್ ಉಕ್ಕಿದೆ, ನಲ್ಲಿಯಲ್ಲಿ ಬರೀ ಗಾಳಿ ಬರ್ತಿದೆ ಎಂದು ಜನ ಬಂದು ನನ್ನ ಮುಖಕ್ಕೇ ಬೈಯುತ್ತಾರೆ. ನೀರುಗಂಟಿಯ ಮಗಳು ಕೊನೆಗೆ ಸೇರಿದ ಜಾಗ ಅದು. ಒಂದು ದಿನವಾದರೂ ಅಪ್ಪ "ಇವತ್ತೇನಮ್ಮ ದೂರು ಬಂತು?" ಎಂದು ಕೇಳಿದವನಲ್ಲ. ಇವಳಿಗೆ ಮಾತ್ರ ಕೇಳದೆಯೂ ಹೇಳುತ್ತಿದ್ದ.

ಒಮಾನ್ ದೇಶದ ಹಳೇ ಕಾಲುವೆಗಳ ಕಥೆ ಬಂತು. ಅಲ್ಲಿ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ನೀರಿನ ಸರದಿ ಬದಲಾಯಿಸುತ್ತಿದ್ದರಂತೆ. "ನಾವೂ ಅಷ್ಟೇ ಕಣಮ್ಮ," ಎಂದ ಅಪ್ಪ, ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳಿನ ಲೆಕ್ಕ ತೋರಿಸಿದ. ಯಾವ ಚುಕ್ಕಿ ಏರಿಯ ಮೇಲೆ ಬಂದರೆ ಯಾರ ಸರದಿ ಮುಗಿಯಿತು ಎಂದು ಹೇಳಿದ. ನಮ್ಮಪ್ಪನಿಗೆ ಚುಕ್ಕಿಗಳ ಗುರುತು ಇದೆ ಎಂದು ನನಗೆ ಐವತ್ತಮೂರನೇ ವಯಸ್ಸಿನಲ್ಲಿ, ಕಿಟಕಿಯ ಆಚೆಯಿಂದ, ಬೇರೆಯವರಿಗೆ ಹೇಳುತ್ತಿದ್ದಾಗ ತಿಳಿಯಿತು.

ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಪೇನ್ ದೇಶದ ಒಂದು ಊರಿನ ಸುದ್ದಿ. ಅಲ್ಲಿ ವಾರಕ್ಕೊಂದು ದಿನ ಚರ್ಚಿನ ಬಾಗಿಲ ಮುಂದೆ ರೈತರೇ ಕೂತು ನೀರಿನ ತಕರಾರು ತೀರಿಸುತ್ತಾರೆ. ನೂರಾರು ವರ್ಷದಿಂದ ನಡೆದುಬಂದಿದೆ. ವಕೀಲರಿಲ್ಲ, ಕಾಗದವಿಲ್ಲ. "ಬಾಯಲ್ಲೇನಾ?" ಎಂದು ಅಪ್ಪ ಮತ್ತೆ ಮತ್ತೆ ಕೇಳಿದ. "ಹಂಗೇ ಇರ್ಬೇಕು. ನೀರಿನ ವಿಷ್ಯದಲ್ಲಿ ಆಡಿದ್ದೇ ಪತ್ರ."

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ಒಂದು ಭಾನುವಾರ. ಹುಡುಗಿ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಕೆರೆಗೆ ಹೋಗಿದ್ದಳು. ಗದ್ದೆಗಳು ಹೋದರೂ ಕೆರೆ ಉಳಿದಿದೆ, ಸುತ್ತಲೂ ವಾಕಿಂಗ್ ದಾರಿ ಹಾಕಿದ್ದಾರೆ. ಹಳೇ ತೂಬಿನ ಕಲ್ಲುಕಂಬಗಳೂ ನಿಂತಿವೆ. ಹೊತ್ತಾಯಿತಲ್ಲ ಎಂದು ನಾನು ಹುಡುಕಿಕೊಂಡು ಹೋದೆ. ಏರಿಯಿಂದ ಕಂಬದವರೆಗೆ ಹಾಸಿರುವ ಚಪ್ಪಡಿಯ ಮೇಲೆ ಆ ಹುಡುಗಿ ಕಾಲು ಇಳಿಬಿಟ್ಟು ಕೂತಿದ್ದಳು. ಅಪ್ಪ ಪಕ್ಕದಲ್ಲಿ ನಿಂತು ಕಂಬದ ತೂತಿಗೆ ಅವಳ ಕೈ ಹಿಡಿದು ಇಡಿಸಿ, ಗಳ ಹೇಗೆ ಕೂರುತ್ತಿತ್ತು ಎಂದು ತೋರಿಸುತ್ತಿದ್ದ.

ನಾನು ಏರಿಯ ಮೇಲೇ ನಿಂತೆ. ನನಗೆ ಹತ್ತು ವರ್ಷವಿದ್ದಾಗ, ವರ್ಷದ ಮೊದಲ ನೀರು ಬಿಡುವ ದಿನ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಪ್ಪನ ಹಿಂದೆ ಇದೇ ಜಾಗಕ್ಕೆ ಬಂದಿದ್ದೆ. ಚಪ್ಪಡಿಗೆ ಒಂದು ಕಾಲು ಇಟ್ಟಿದ್ದೆ ಅಷ್ಟೆ. "ಇಳಿ ಕೆಳಕ್ಕೆ! ಹೆಣ್ಮಕ್ಳು ತೂಬಿನ ಕಲ್ಲು ತುಳೀಬಾರ್ದು," ಎಂದು ಅಪ್ಪ ಗದರಿದ. ಊರೆಲ್ಲ ನೋಡುತ್ತಿತ್ತು. ತಟ್ಟೆ ಅಲ್ಲೇ ಇಟ್ಟು ಮನೆಗೆ ಓಡಿ ಬಂದಿದ್ದೆ. ನಮ್ಮ ಮನೆತನದಲ್ಲಿ ಅದು ಕಟ್ಟಳೆ ಎಂದು ಅಮ್ಮ ಸಮಾಧಾನ ಮಾಡಿದ್ದಳು. ಹಾಗಾದರೆ ಬೀದರಿನವರಿಗೆ ಕಟ್ಟಳೆ ಇಲ್ಲವೇ?

"ಬಾರಮ್ಮ," ಎಂದು ಅಪ್ಪ ದೂರದಿಂದ ಕೈ ಬೀಸಿದ. ಕಾಲು ನೋವು ಎಂದು ಹೇಳಿ ನಾನು ಹೋಗಲಿಲ್ಲ.

ಅದಾದ ಮುಂದಿನ ವಾರ ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದೆವು. ಅವನು ಒಳಗೆ ಮಲಗಿದ್ದಾಗ ಹುಡುಗಿ ನೋಟ್‌ಬುಕ್ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದಳು. ಕೆರೆ ಸಮಿತಿಯವರು ಹಳೇ ತೂಬನ್ನು ರಿಪೇರಿ ಮಾಡಿಸುತ್ತಿದ್ದರು. ಅದಕ್ಕೆ ಮುಂಚೆ ಇವಳಿಂದ ಒಂದು ಉಪನ್ಯಾಸ, ಆಮೇಲೆ ಏರಿಯ ಮೇಲೆ ಅಪ್ಪನ ಫೋಟೋ ಇರುವ ಒಂದು ಫಲಕ, ತೂಬು ತೆರೆಯುವ ದಿನ ಅಪ್ಪನ ಕೈಯಿಂದಲೇ ಮೊದಲ ನೀರು ಎಂದು ತೀರ್ಮಾನವಾಗಿತ್ತು.

"ಆಂಟಿ, ಒಂದು ಕೇಳ್ಲೇನ್ರಿ? ಅಜ್ಜಾರು ಊರಿನ ಎಲ್ಲಾರ ಗದ್ದಿ ಎಲ್ಲಿತ್ತಂತ ಹೇಳ್ಯಾರ. ತಮ್ಮ ಗದ್ದಿ ಎಲ್ಲಿತ್ತಂತ ಮಾತ್ರ ಹೇಳವಲ್ರು. ನಿಮಗ ಗೊತ್ತದ ಏನ್ರಿ?"

ಗೊತ್ತಿತ್ತು. ಅಷ್ಟು ದಿನದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ನನಗೆ ಉತ್ತರ ಗೊತ್ತಿದ್ದ ಒಂದೇ ಪ್ರಶ್ನೆ. ನಮ್ಮ ಗದ್ದೆ ಎಲ್ಲರ ಗದ್ದೆಯ ಆಚೆ, ಕಾಲುವೆಯ ಕಟ್ಟಕಡೆಯಲ್ಲಿತ್ತು. ಬುತ್ತಿ ಹೊತ್ತು ನಡೆದು ನಡೆದು ನನ್ನ ಕಾಲು ಬಿದ್ದುಹೋಗುತ್ತಿತ್ತು. ಗೌಡರ ಮನೆಯ ಹುಡುಗಿಯರು ತೂಬಿನ ಕೆಳಗೇ ಇದ್ದ ತಮ್ಮ ಗದ್ದೆಗೆ ಎರಡು ಹೆಜ್ಜೆಯಲ್ಲಿ ಇಳಿದುಬಿಡುತ್ತಿದ್ದರು. ಊರಿನವರು ನಮಗೆ ಕೊಟ್ಟದ್ದು ಬಾಲದ ತುಂಡು, ನಮ್ಮ ಯೋಗ್ಯತೆ ಅಷ್ಟೇ ಎಂದು ನಾನು ಬಾಲ್ಯದಿಂದ ತಿಳಿದುಕೊಂಡಿದ್ದೆ. ದೇಶವಿದೇಶ ನೋಡಿಬಂದ ಈ ಹುಡುಗಿಯ ಮುಂದೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ತೂಬಿನ ಕೆಳಗೇ," ಎಂದೆ. "ಗೌಡ್ರ ಗದ್ದೆಗಿಂತ ಮುಂಚೆ, ಮೊದಲನೇ ಗದ್ದೆ ನಮ್ಮದೇ. ನೀರುಗಂಟಿ ಅಲ್ವಾ, ಮೊದಲ ನೀರು ನಮಗೇ ಬರ್ತಿತ್ತು. ಆಮೇಲೆ ಉಳಿದೋರಿಗೆ."

ಅವಳು ಒಂದು ಕ್ಷಣ ಪೆನ್ನು ನಿಲ್ಲಿಸಿದಳು. "ಖರೇನಾ ಆಂಟಿ?" ಎಂದಳು. ನಾನು ನೋಡದ್ದನ್ನು ನೀನು ನೋಡಿದ್ದೀಯಾ ಎನ್ನುವ ಹಾಗೆ ಮುಖ ಮಾಡಿದೆ. ಬರೆದುಕೊಂಡಳು. ಆ ಸಂಜೆ ನನಗೆ ಬಹಳ ಸಂತೋಷವಾಗಿತ್ತು. ಅಪ್ಪನ ಮಾತು ತುಂಬಿದ್ದ ಆ ನೋಟ್‌ಬುಕ್ಕಿನಲ್ಲಿ ನನ್ನದೂ ಒಂದು ಸಾಲು ಸೇರಿತು ಎಂದುಕೊಂಡೆ.

ಉಪನ್ಯಾಸ ನಡೆದದ್ದು ಬಡಾವಣೆಯ ಸಮುದಾಯ ಭವನದಲ್ಲಿ. ವಾಕಿಂಗಿನವರು, ನಿವೃತ್ತರು, ಹಳೇ ಊರಿನ ಮನೆಗಳವರು ಎಲ್ಲ ಬಂದಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ. ಹುಡುಗಿ ಪೆರುವಿನಿಂದ ಶುರುಮಾಡಿ, ಹಂಪಿ ಮುಟ್ಟಿ, ನಮ್ಮ ಕೆರೆಗೆ ಬಂದಳು. ಪರದೆಯ ಮೇಲೆ ನಮ್ಮ ಕೆರೆಯ ನಕ್ಷೆ ಬಿತ್ತು. ತೂಬಿನ ಪಕ್ಕದ ಚೌಕಕ್ಕೆ ಹಸಿರು ಬಣ್ಣ ಹಚ್ಚಿ, "ನೀರುಗಂಟಿಯ ಗದ್ದೆ, ಮೊದಲ ನೀರು" ಎಂದು ಬರೆದಿದ್ದಳು.

ಸಭೆಯಲ್ಲಿ ಗುಜುಗುಜು ಎದ್ದಿತು. ಹಳೇ ಗೌಡರ ಮನೆಯ ಯಜಮಾನರು ಎದ್ದು ನಿಂತರು. ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಈಗ ಮೈಸೂರು ರಸ್ತೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇದೆ.

"ಏನಮ್ಮ ಇದು, ಮೊದಲ್ನೇ ನೀರು ಇವ್ರು ತಗೋತಿದ್ರಾ? ಮಳೆ ಇಲ್ದಿದ್ದ ವರ್ಷ ನಮ್ಮಪ್ಪನ ಪೈರು ಒಣಗಿಹೋಯ್ತು. ನೀರುಗಂಟಿ ಕೈಯಲ್ಲಿ ಏನೋ ಆಗ್ತಾ ಇದೆ ಅಂತ ನಮ್ಮಪ್ಪ ಅವಾಗ್ಲೇ ಅಂದಿದ್ರು. ಇವತ್ತು ಬಾಯಿಬಿಟ್ಟವ್ರೆ ನೋಡಿ!"

ಅಪ್ಪ ಎದ್ದ. "ಇಲ್ಲ," ಎಂದ. ಅಷ್ಟೇ ಅಂದದ್ದು.

"ಇಲ್ಲ ಅಂದ್ರೆ? ನಿಮ್ಮನೇಲಿ ಹೇಳಿದ್ದೇ ತಾನೆ ಆ ಮಗು ಬರ್ಕೊಂಡಿರೋದು? ಕನಸು ಬಿತ್ತಾ ಅದಕ್ಕೆ?"

ಅಪ್ಪ ಹುಡುಗಿಯ ಕಡೆ ತಿರುಗಿದ. ಹುಡುಗಿ ನನ್ನನ್ನು ನೋಡಿದಳು. ನಾನು ಕುರ್ಚಿಯ ಕೆಳಗೆ ಬಗ್ಗಿ ಚಪ್ಪಲಿ ಹುಡುಕುವವಳ ಹಾಗೆ ಮಾಡಿದೆ. ಚಪ್ಪಲಿ ನನ್ನ ಕಾಲಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಅವಳ ದನಿ ಕೇಳಿತು. "ನಂದೇ ತಪ್ಪಾಗ್ಯದ್ರಿ. ನಾನೇ ತಪ್ಪು ಬರಕೊಂಡೀನಿ. ಅಜ್ಜಾರು ಹಂಗ ಹೇಳಿಲ್ಲ."

ಗದ್ದೆಯ ಗುರುತಿದ್ದ ಒಬ್ಬಿಬ್ಬರೂ ಗೌಡರ ಎದುರು ಬಾಯಿಬಿಡಲಿಲ್ಲ, ಮಿಕ್ಕವರು ನಂಬಲಿಲ್ಲ. ಹುಡುಗಿ ಮುದುಕನನ್ನು ಕಾಪಾಡುತ್ತಿದ್ದಾಳೆ ಎಂದುಕೊಂಡರು. ಸಮಿತಿಯ ಕಾರ್ಯದರ್ಶಿ ಎರಡು ದಿನ ಬಿಟ್ಟು ಮನೆಗೆ ಬಂದು, ಫಲಕದ ವಿಷಯ ಸ್ವಲ್ಪ ಮುಂದಕ್ಕೆ ಹಾಕಿದ್ದೇವೆ, ತೂಬನ್ನು ಬೇರೆ ಯಾರಾದರೂ ಗಣ್ಯರಿಂದ ತೆರೆಸುತ್ತೇವೆ ಎಂದು ನಯವಾಗಿ ಹೇಳಿ ಕಾಫಿ ಕುಡಿದು ಹೋದರು. ಹುಡುಗಿ ತಿಂಗಳ ಕೊನೆಗೆ ಕ್ಯಾಂಪಸ್ಸಿನ ಹಾಸ್ಟೆಲಿಗೆ ಹೋಗುತ್ತೇನೆ ಎಂದಳು. ಹೋಗುವಾಗ ಬೀಗದ ಕೈ ಕೊಟ್ಟು, "ಬರ್ತೀನ್ರಿ ಆಂಟಿ," ಎಂದಳು. ಬೈದಿದ್ದರೆ ಅವಳನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು.

ಸಂಜೆಗಳು ನನ್ನವಾದವು. ಐದೂವರೆಗೆ ಕಾಫಿ ತೆಗೆದುಕೊಂಡು ಹೋಗಿ ಅಪ್ಪನ ಎದುರು ಕೂರುತ್ತಿದ್ದೆ. ಬಯಸಿದ್ದು ಅದನ್ನೇ ಅಲ್ಲವೇ? ಅಪ್ಪ ಗೇಟಿನ ಕಡೆ ನೋಡುತ್ತಾ ಕೂತಿರುತ್ತಿದ್ದ. "ತೂಬಿನ ಗಳ ಯಾವ ಮರದ್ದಪ್ಪ?" ಎಂದು ಒಂದು ದಿನ ಕೇಳಿದೆ. "ಏನ್ ಮಾಡ್ತೀಯ ತಿಳ್ಕೊಂಡು," ಎಂದ. ಇಡೀ ಜೀವಮಾನ ಯಾರ ಮುಂದೆಯೂ ತಗ್ಗದ ತಲೆ ತಗ್ಗಿತ್ತು. ಹಾಲಿನ ಬೂತಿಗೆ ಹೋಗುವುದನ್ನೂ ಬಿಟ್ಟ, ಅಲ್ಲಿ ಹಳೇ ಊರಿನವರು ಸಿಗುತ್ತಾರೆ ಎಂದು.

ಹದಿನೈದು ದಿನ ತಡೆದುಕೊಂಡೆ. ಕಾವೇರಿ ಬಿಡುವ ಒಂದು ಬೆಳಿಗ್ಗೆ ಅಪ್ಪ ಸಂಪಿನ ಮುಚ್ಚಳ ಸರಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೀರು ಬೀಳುವುದನ್ನು ನೋಡುತ್ತಿದ್ದ. ಅದೊಂದು ಕೆಲಸ ಅವನು ಯಾರಿಗೂ ಬಿಟ್ಟುಕೊಡುವುದಿಲ್ಲ. ನಾನೂ ಹೋಗಿ ಕೂತು ಹೇಳಿಬಿಟ್ಟೆ.

"ಅಪ್ಪ, ಅವ್ಳು ತಪ್ಪು ಬರ್ಕೊಂಡಿದ್ದಲ್ಲ. ನಾನು ಹೇಳಿದ್ದು."

ಅಪ್ಪ ನೀರನ್ನೇ ನೋಡುತ್ತಿದ್ದ.

"ಯಾಕೆ ಹಂಗಂದೆ?" ಎಂದ.

"ನಮ್ಮ ಗದ್ದೆ ಕಡೇಲಿತ್ತು ಅಂದ್ರೆ ಊರಲ್ಲಿ ನಮಗೆ ಬೆಲೆ ಇರ್ಲಿಲ್ಲ ಅಂತ ಆಗುತ್ತೆ ಅನ್ಕೊಂಡೆ. ಅವ್ಳ ಮುಂದೆ ಹಂಗೆ ಹೇಳೋಕೆ ಮನಸ್ಸಾಗ್ಲಿಲ್ಲ."

ಅಪ್ಪ ನನ್ನ ಕಡೆ ತಿರುಗಿದ. ಪೊರೆ ತೆಗೆದ ಕಣ್ಣು ನಿಚ್ಚಳವಾಗಿತ್ತು. "ನೀರುಗಂಟಿಗೆ ಊರೋರು ಕೊಡೋ ಮಾನ್ಯದ ಭೂಮಿ ಕಡೇಲೇ ಇರ್ಬೇಕು ಕಣಮ್ಮ. ಕೆರೆ ಕಟ್ಟಿದಾಗ್ಲೇ ಹಂಗೆ ಇಟ್ಟವ್ರೆ. ನಮ್ಮ ಗದ್ದೆಗೆ ನೀರು ಬಂತು ಅಂದ್ರೆ ಎಲ್ರ ಗದ್ದೆಗೂ ಬಂದೈತೆ ಅಂತ. ಮಧ್ಯದಲ್ಲಿ ಯಾರಿಗಾದ್ರೂ ಮೋಸ ಮಾಡಿದ್ರೆ ನಮ್ಮ ಪೈರೇ ಒಣಗೋದು. ಆ ಬರದ ವರ್ಷ ಗೌಡ್ರ ಪೈರು ಅರ್ಧ ಒಣಗ್ತು. ನಮ್ದು ಪೂರ್ತಿ."

ಅಪ್ಪನನ್ನು ಎತ್ತರಕ್ಕೆ ಏರಿಸಲು ಹೋಗಿ ನಾನು ಅವನನ್ನು ನೀರುಕಳ್ಳ ಎಂದು ಊರ ಮುಂದೆ ನಿಲ್ಲಿಸಿದ್ದೆ.

"ಇದನ್ನ ಯಾಕಪ್ಪ ಯಾವತ್ತೂ ಹೇಳ್ಲಿಲ್ಲ?"

"ಹೇಳ್ಕೊಳೋ ಮಾತಾ ಅದು? ಆ ಮಗೂಗೂ ಹೇಳಿರ್ಲಿಲ್ಲ."

ನಾಚಿಕೆಯಲ್ಲಿ ಮುಳುಗಿದ್ದ ಆ ಹೊತ್ತಿನಲ್ಲೂ, ಅವಳಿಗೆ ಹೇಳಿರಲಿಲ್ಲ ಎಂಬ ಮಾತು ಕೇಳಿ ನನಗೆ ಒಳಗೊಳಗೇ ಹಿತವಾಯಿತು. ನನ್ನ ಬುದ್ಧಿ ಅಂಥದ್ದು. ಅಪ್ಪನಿಗೆ ಅದೂ ಗೊತ್ತಾಯಿತೋ ಏನೋ. "ನಿನ್ನ ತಪ್ಪು ಹೊತ್ಕೊಂಡು ಹೋಯ್ತಲ್ಲ ಆ ಕೂಸು," ಎಂದು ಹೇಳಿ ಸಂಪಿನ ಮುಚ್ಚಳ ಎಳೆದ.

ಅವತ್ತೇ ಆಫೀಸಿಗೆ ರಜೆ ಹಾಕಿ ಸಿಮೆಂಟು ಅಂಗಡಿಗೆ ಹೋದೆ. ಯಜಮಾನರು ಇಬ್ಬರು ಮೇಸ್ತ್ರಿಗಳೊಡನೆ ಮಾತಾಡುತ್ತಿದ್ದರು. ಅವರು ಹೋಗಲಿ ಎಂದು ಕಾದಿದ್ದರೆ ನನ್ನ ಧೈರ್ಯವೂ ಅವರ ಜೊತೆ ಹೋಗಿಬಿಡುತ್ತಿತ್ತು. ಎಲ್ಲರ ಮುಂದೆಯೇ ಹೇಳಿದೆ. ಅದು ನಾನು ಹೇಳಿದ ಸುಳ್ಳು, ನಮ್ಮಪ್ಪ ಎಂದೂ ಮೊದಲ ನೀರು ತೆಗೆದುಕೊಂಡವನಲ್ಲ, ನಮ್ಮ ಗದ್ದೆ ಕಟ್ಟಕಡೆಯಲ್ಲಿತ್ತು ಎಂದೆ.

"ನಿಮ್ಮಪ್ಪ ಕಳಿಸಿದ್ರಾ?"

"ಇಲ್ಲ. ಬಂದಿರೋದು ಅವ್ರಿಗೆ ಗೊತ್ತೇ ಇಲ್ಲ."

ಅವರು ಮೇಜಿನ ಮೇಲಿನ ಧೂಳು ಒರೆಸಿದರು. "ಕಡೇಲಿತ್ತು ಅಂತ ನಂಗೂ ಗೊತ್ತಮ್ಮ. ನಾನು ಆ ಗದ್ದೆ ಬದೂನಲ್ಲಿ ಏಡಿ ಹಿಡಿದವ್ನು."

"ಮತ್ತೆ ಅವತ್ತು ಹಂಗ್ಯಾಕೆ ಅಂದ್ರಿ?"

"ಏರಿಗೆ ಮಣ್ಣು ಹೊರ್ಸಿದ್ದು ನಮ್ಮಜ್ಜ. ಕೋಡಿ ಒಡೆದಾಗ ಕಟ್ಸಿದ್ದು ನಮ್ಮಪ್ಪ. ಫಲಕದ ಮೇಲೆ ಫೋಟೋ ಮಾತ್ರ ನಿಮ್ಮಪ್ಪಂದು." ಹೇಳಿದ ಮೇಲೆ ಅವರಿಗೇ ನಾಚಿಕೆಯಾಗಿ ಮುಖ ಬೇರೆ ಕಡೆ ತಿರುಗಿಸಿದರು. ಆ ಉರಿಯ ಗುರುತು ನನಗೆ ಚೆನ್ನಾಗಿತ್ತು. ಸಮಿತಿಯ ಮುಂದಿನ ಸಭೆಯಲ್ಲಿ ಅವರು, ನಾನು ಇಬ್ಬರೂ ಎದ್ದು ಹೇಳಿದೆವು. ಮೊದಲು ನಾನು. ಫಲಕವೂ ತೂಬು ತೆರೆಯುವ ಕೆಲಸವೂ ಮತ್ತೆ ಅಪ್ಪನ ಪಾಲಿಗೆ ಬಂದವು. ಅಂದಿನಿಂದ ಹಳೇ ಊರಿನ ಬೀದಿಗಳಲ್ಲಿ ನನ್ನನ್ನು ಕಂಡರೆ ಹೆಂಗಸರು ಪಿಸುಗುಡುವುದು ನನಗೆ ಕಾಣಿಸುತ್ತಿತ್ತು. ಅಪ್ಪನ ಹೆಸರಿಗೇ ಮಸಿ ಬಳಿದ ಮಗಳು ನಾನು.

ಹುಡುಗಿಗೂ ಫೋನ್ ಮಾಡಿ ಕ್ಷಮಿಸು ಎಂದೆ. "ನನಗ ಅವತ್ತೇ ಗೊತ್ತಿತ್ತಲ್ರಿ ಆಂಟಿ," ಎಂದಳು. ಆಮೇಲೆ, "ಅಜ್ಜಾರು ಆರಾಮದಾರೇನ್ರಿ?" ಎಂದು ಕೇಳಿದಳು. ಅವಳು ಇಷ್ಟು ಒಳ್ಳೆಯವಳಾಗಿರುವ ಅಗತ್ಯವೇನಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ತೂಬು ತೆರೆಯುವ ದಿನ ನಾನು ಮೈಸೂರು ರೇಷ್ಮೆ ಉಟ್ಟುಕೊಂಡು ಹೊರಟೆ. ಸಮಿತಿಯವರು ಹಳೇ ಕಾಲುವೆಯ ಮಣ್ಣು ತೆಗೆಸಿ, ಶಾಲೆಯ ಹಿಂದಿನ ಪಾರ್ಕಿನವರೆಗೆ ಕಲ್ಲು ಕೂರಿಸಿದ್ದರು. ಆ ಪಾರ್ಕು ಇರುವುದು ನಮ್ಮ ಗದ್ದೆ ಇದ್ದ ಜಾಗದಲ್ಲಿ. ಕೆರೆಯ ನೀರು ಅಲ್ಲಿಯ ಗಿಡಗಳಿಗೆ ಹೋಗಬೇಕು. ಏರಿಯ ಮೇಲೆ ಶಾಮಿಯಾನ, ಮೈಕು, ತಮಟೆ. ಹುಡುಗಿಯೂ ಬಂದಿದ್ದಳು. ಅಪ್ಪ ಅವಳನ್ನು ಕಂಡವನೇ ಕೈ ಹಿಡಿದು ಚಪ್ಪಡಿಯ ಮೇಲಕ್ಕೆ ಕರೆದುಕೊಂಡ. ಅವಳಿಗೆ ಅದು ಸಲ್ಲಬೇಕಾದ್ದೇ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಕಡಿಮೆಯಾಗುವುದಿಲ್ಲ. ಇಂದಾದರೂ ಇನ್ನೊಂದು ಪಕ್ಕದಲ್ಲಿ ನಿಲ್ಲೋಣ ಎಂದು ನೆರಿಗೆ ಎತ್ತಿ ಹಿಡಿದು ಮುಂದೆ ಹೋದೆ.

"ನೀನು ಇಲ್ಲಲ್ಲ. ಪಾರ್ಕ್ ಹತ್ರ ಹೋಗು," ಎಂದ ಅಪ್ಪ.

"ಯಾಕೆ?"

"ಕಡೇಲಿ ನಮ್ಮನೆಯೋರು ಒಬ್ರು ನಿಂತಿರ್ಬೇಕು. ನೀರು ಬಂದ್ಮೇಲೆ ಕೂಗ್ಬೇಕು. ನಿಮ್ಮಮ್ಮ ನಿಲ್ತಾ ಇದ್ಲು."

ಅಷ್ಟು ಜನರ ಮುಂದೆ ಮತ್ತೆ ಏರಿಯಿಂದ ಇಳಿಸಿದ. ಕಣ್ಣಲ್ಲಿ ನೀರು ತುಂಬಿಕೊಂಡೇ ಕಾಲುವೆಯ ಪಕ್ಕದಲ್ಲಿ ನಡೆದೆ. ಪಾರ್ಕಿನಲ್ಲಿ ಯಾರೂ ಇರಲಿಲ್ಲ. ಒಂದು ಸಿಮೆಂಟು ಬೆಂಚು, ಎರಡು ನಾಯಿ, ಹೊಸ ಕಲ್ಲು ಕೂರಿಸಿದ ಕಾಲುವೆಯ ಬಾಯಿ. ರೇಷ್ಮೆ ಸೀರೆಯಲ್ಲಿ ಬೆಂಚಿನ ಮೇಲೆ ಕೂತೆ. ತಮಟೆ ಜೋರಾಯಿತು, ಚಪ್ಪಾಳೆ ಕೇಳಿಸಿತು. ತೂಬು ತೆರೆದರು ಎಂದು ಗೊತ್ತಾಯಿತು. ಫೋಟೋದಲ್ಲಿ ಅಪ್ಪನ ಪಕ್ಕ ಯಾರಿರುತ್ತಾರೆ ಎಂದೂ ಗೊತ್ತಿತ್ತು.

ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಕಲ್ಲು ಒಣಗಿಯೇ ಇತ್ತು. ಫೋನ್ ಬಂತು, ಸಮಿತಿಯ ಕಾರ್ಯದರ್ಶಿ.

"ಮೇಡಂ, ನೀರು ಬಂತಲ್ವಾ?"

"ಇನ್ನೂ ಇಲ್ಲ ಸಾರ್."

"ಸ್ವಲ್ಪನಾದ್ರೂ? ಗಣ್ಯರೆಲ್ಲ ಹೊರಡ್ತಾ ಇದ್ದಾರೆ, ಊಟ ಆರೋಗ್ತಾ ಇದೆ. ಬಂತು ಅಂದ್ಬಿಡಿ ಮೇಡಂ, ಅನೌನ್ಸ್ ಮಾಡಿ ಮುಗಿಸ್ತೀವಿ. ಹೆಂಗೂ ಬಂದೇ ಬರುತ್ತೆ."

ಬಂತು ಎಂದರೆ ನಾನೂ ಹೋಗಿ ಫೋಟೋಗೆ ನಿಲ್ಲಬಹುದಿತ್ತು. ಒಂದು ಪದದ ಮಾತು. "ಬಂದಿಲ್ಲ ಸಾರ್," ಎಂದೆ. ಅವರು ಫೋನ್ ಇಟ್ಟರು.

ಒಂದೆರಡು ನಿಮಿಷಕ್ಕೆ ಧ್ವನಿವರ್ಧಕದಲ್ಲಿ ಅವರದೇ ದನಿ ಶಾಲೆಯ ಗೋಡೆ ದಾಟಿ ಬಂತು. "ಆತ್ಮೀಯರೇ, ಈಗಷ್ಟೇ ಸುದ್ದಿ ಬಂದಿದೆ, ನಮ್ಮ ಕೆರೆಯ ನೀರು ಕಾಲುವೆಯ ಕೊನೆ ತಲುಪಿದೆ!" ಚಪ್ಪಾ​ಳೆ ಬಿತ್ತು. ತಮಟೆಯವರು ಮತ್ತೆ ಬಾರಿಸಿದರು. ಆಮೇಲೆ ಮೈಕು ಕಿರ್ರೆಂದಿತು. ಯಾರೋ ಅದನ್ನು ಕೈಯಿಂದ ಕಿತ್ತುಕೊಂಡ ಹಾಗೆ.

"ತಮ್ಟೆ ನಿಲ್ಸಿ," ಎಂದಿತು ಅಪ್ಪನ ದನಿ. "ನೀರು ತಲ್ಪಿಲ್ಲ."

"ಅಜ್ಜ, ತಲುಪಿರುತ್ತೆ ಬಿಡಿ, ಇಷ್ಟು ಹೊತ್ತಾಯ್ತು..."

"ನನ್ನ ಮಗಳು ಅಲ್ಲಿ ನಿಂತವ್ಳೆ. ಅವಳು ಕೂಗಿಲ್ಲ."

ಸಭೆಯಲ್ಲಿ ಯಾರೋ ಏನೋ ಅಂದರು, ನಕ್ಕರು. ಏನು ಅಂದಿರಬಹುದು ಎಂದು ನಾನು ಊಹಿಸಬಲ್ಲೆ. ಅಲ್ಲಿದ್ದ ಹಳೇ ಊರಿನವರಿಗೆಲ್ಲ ನಾನು ಯಾರು, ನನ್ನ ಮಾತಿನ ಬೆಲೆ ಎಷ್ಟು ಎಂದು ಗೊತ್ತಿತ್ತು.

ಅಪ್ಪನ ದನಿ ಏರಲಿಲ್ಲ. "ಅವಳು ಬಂತು ಅಂದಾಗ ಬಂತು," ಎಂದ. "ಅಲ್ಲೀಗಂಟ ಯಾರೂ ಊಟಕ್ಕೆ ಏಳ್ಬೇಡಿ."

ನಾನು ಬೆಂಚಿನಿಂದ ಎದ್ದು, ಸೆರಗು ಸಿಕ್ಕಿಸಿ, ಕಾಲುವೆಯ ಬಾಯಿಗೆ ಹೋಗಿ ನಿಂತೆ.